ಕಿನ್ನಾಳ ಗೊಂಬೆಗೆ ಎಆರ್: ಕೋಟ್ಲಿನ್, ಯುನಿಟಿ, ಬ್ರೌಸರ್ ಮೂರರಲ್ಲೂ ಮಾಡಿ ನೋಡಿದ್ದು

ಕೊಪ್ಪಳದಲ್ಲೇ ಇದ್ದುಕೊಂಡು ಎಆರ್ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಎಆರ್ ಅಂದರೆ ಆಗ್ಮೆಂಟೆಡ್ ರಿಯಾಲಿಟಿ. ಫೋನಿನ ಕ್ಯಾಮೆರಾ ತೆರೆದರೆ ಇಲ್ಲದ ವಸ್ತು ನಿಮ್ಮ ಮನೆಯ ಟೇಬಲ್ ಮೇಲೆ ಇದ್ದ ಹಾಗೆ ಕಾಣುತ್ತದಲ್ಲ, ಅದು. ಈಚೆಗೆ ಕೈಗೆತ್ತಿಕೊಂಡಿದ್ದು ಇಲ್ಲೇ ಹತ್ತಿರದ ಕಿನ್ನಾಳ ಊರಿನ ಮರದ ಗೊಂಬೆಗಳನ್ನು. ದೂರದ ಊರಿನ ಗಿರಾಕಿ ಒಂದು ಗರುಡನನ್ನು ಕೊಳ್ಳುವ ಮೊದಲು ತನ್ನ ಶೋಕೇಸಿನಲ್ಲಿ ಇಟ್ಟು ನೋಡುವಂತಿರಬೇಕು, ಬೇಡಿಕೆ ಇಷ್ಟೇ. ಇದನ್ನು ಮೂರು ದಾರಿಯಲ್ಲಿ ಮಾಡಿ ನೋಡಿದೆ. ಆಂಡ್ರಾಯ್ಡಿಗೆ ನೇರವಾಗಿ ಕೋಟ್ಲಿನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಗೂಗಲ್‌ನ ಎಆರ್ ಸಲಕರಣೆ ಎಆರ್‌ಕೋರ್, ಗೇಮ್ ಕಟ್ಟುವ ಸಾಫ್ಟ್‌ವೇರ್ ಯುನಿಟಿಯ ಎಆರ್ ಫೌಂಡೇಶನ್, ಆಪ್ ಇಲ್ಲದೆ ಬ್ರೌಸರಿನಲ್ಲೇ ನಡೆಯುವ ಮಾಡೆಲ್-ವ್ಯೂವರ್. ಗಿರಾಕಿಯ ಕೈಗೆ ಕೊಡಬೇಕಾದ್ದು ಬ್ರೌಸರಿನದ್ದೇ. ಆ ಬಗ್ಗೆ ನನಗೆ ಅನುಮಾನ ಉಳಿದಿಲ್ಲ. ಆದರೆ ಅದು ಎಲ್ಲದರಲ್ಲೂ ಗೆದ್ದಿದೆ ಅಂತಲ್ಲ.

ಮೊದಲು ಕೋಟ್ಲಿನ್. ಎಆರ್‌ಕೋರ್ 1.0 ಬಂದಿದ್ದು 2018ರಲ್ಲಿ. ಕ್ಯಾಮೆರಾದಲ್ಲಿ ಕಾಣುವ ಗುರುತುಗಳನ್ನೂ ಫೋನಿನ ಚಲನೆಯ ಸೆನ್ಸರ್‌ಗಳನ್ನೂ ಸೇರಿಸಿ ಫೋನ್ ಎಲ್ಲಿದೆ, ಎತ್ತ ತಿರುಗಿದೆ ಅಂತ ಅದು ಲೆಕ್ಕ ಹಾಕುತ್ತದೆ. ಆ ಲೆಕ್ಕ ಚೆನ್ನಾಗಿದೆ, ಆಪ್ ಕೂಡ ಹಗುರವಾಗಿರುತ್ತದೆ. ಕಷ್ಟ ಇರುವುದು ಗೊಂಬೆಯನ್ನು ಪರದೆಯ ಮೇಲೆ ಬಿಡಿಸುವುದರಲ್ಲಿ. ಮೊದಲು ಇದಕ್ಕೆ ಗೂಗಲ್‌ನ ಸೀನ್‌ಫಾರ್ಮ್ ಇತ್ತು, 2020ರಲ್ಲಿ ಅದನ್ನು ನಿಲ್ಲಿಸಿದರು. ಈಗ ಓಪನ್ ಸೋರ್ಸ್‌ನ ಸೀನ್‌ವ್ಯೂ ಹಿಡಿಯಬೇಕು, ಇಲ್ಲವೇ 3ಡಿ ಚಿತ್ರ ಬಿಡಿಸುವ ಫಿಲಮೆಂಟ್ ಲೈಬ್ರರಿ ಜೊತೆ ಸ್ವಂತವಾಗಿ ಹೆಣಗಬೇಕು. ಇಷ್ಟು ಮಾಡಿದರೂ ಐಫೋನಿಗೆ ಮತ್ತೆ ಮೊದಲಿಂದ ಬರೆಯಬೇಕು. ಒಬ್ಬನೇ ಕೆಲಸ ಮಾಡುವವನಿಗೆ ಇದು ಆಗದ ಮಾತು. ಈ ದಾರಿ ಬಿಟ್ಟೆ.

ಯುನಿಟಿ ಹಾಗಲ್ಲ. ಎಆರ್ ಫೌಂಡೇಶನ್ ಆಂಡ್ರಾಯ್ಡಿನ ಎಆರ್‌ಕೋರ್, ಐಫೋನಿನ ಎಆರ್‌ಕಿಟ್ ಎರಡರ ಮೇಲೂ ಕೂರುತ್ತದೆ, ಕೋಡ್ ಒಂದೇ ಸಾಕು. ಎಡಿಟರ್ ಒಳಗೇ ನಕಲಿ ಕೋಣೆಯೊಂದರಲ್ಲಿ ಗೊಂಬೆ ಇಟ್ಟು ಪರೀಕ್ಷೆ ಮಾಡಬಹುದು, ಪ್ರತಿ ಸಲ ಫೋನಿಗೆ ಬಿಲ್ಡ್ ಹಾಕಿ ಕಾಯುವುದು ತಪ್ಪುತ್ತದೆ. ಯಾರಾದರೂ ಗೊಂಬೆಯ ಮುಂದೆ ಕೈ ತಂದರೆ ಗೊಂಬೆ ಕೈಯ ಹಿಂದೆ ಮರೆಯಾಗಬೇಕಲ್ವಾ? ಅದಕ್ಕೂ ಒಂದು ಕಾಂಪೊನೆಂಟ್ ಸೇರಿಸಿದರೆ ಆಯಿತು, ಫೋನಿಗೆ ಆಳ ಅಳೆಯುವ ಶಕ್ತಿ ಇದ್ದರೆ ಸಾಕು.

ತೊಡಕು ಕನ್ನಡದಲ್ಲಿ. ಯುನಿಟಿಯಲ್ಲಿ ಎಲ್ಲರೂ ಬಳಸುವ ಟೆಕ್ಸ್ಟ್‌ಮೆಶ್ ಪ್ರೊ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುತ್ತದೆಯೇ ಹೊರತು ಒತ್ತಕ್ಷರ ಕಟ್ಟುವುದಿಲ್ಲ. ‘ಕಿನ್ನಾಳ’ ಅಂತ ಬರೆದರೆ ನ ಒತ್ತು ಕೆಳಗೆ ಇಳಿಯುವುದೇ ಇಲ್ಲ, ಗುಡಿಸು ಕೂಡ ಬೇರೆಯಾಗಿ ನಿಲ್ಲುತ್ತದೆ. ಊರಿನ ಹೆಸರನ್ನೇ ಸರಿಯಾಗಿ ತೋರಿಸದ ಆಪನ್ನು ಆ ಊರಿನ ಕಲೆಗೆ ಕೊಡುವುದು ನನಗೆ ಒಪ್ಪಲಿಲ್ಲ. ಪದಗಳನ್ನು ಚಿತ್ರ ಮಾಡಿ ಅಂಟಿಸುವ ಉಪಾಯ ಇದೆ, ಆದರೆ ಬೆಲೆಯೋ ವಿವರವೋ ಬದಲಾದಾಗೆಲ್ಲ ಹೊಸ ಚಿತ್ರ ಮಾಡಬೇಕು. ಬ್ರೌಸರಿನಲ್ಲಿ ಈ ತಾಪತ್ರಯವೇ ಇಲ್ಲ. ಅಲ್ಲಿ ಕನ್ನಡ ಕನ್ನಡದ ಹಾಗೇ ಬರುತ್ತದೆ.

ಮೂರಕ್ಕೂ ನಿಜವಾದ ಪರೀಕ್ಷೆ ಆಗಿದ್ದು ಹೊಳಪಿನಲ್ಲಿ. ಕಿನ್ನಾಳದ ಗೊಂಬೆ ಹಗುರವಾದ ಮರದ್ದು. ಚಿತ್ರಗಾರರು ತುಂಡುಗಳನ್ನು ಜೋಡಿಸಿ, ಹುಣಸೆ ಬೀಜದ ಅಂಟು ಬಳಸಿ ಮೈ ತಿದ್ದಿ, ಮೇಲೆ ಬಣ್ಣ ಕೊಡುತ್ತಾರೆ. ಕಿರೀಟ, ಒಡವೆಗೆಲ್ಲ ಲೋಹದಂತೆ ಮಿನುಗುವ ಲಜವಾರ ಎಂಬ ಲೇಪ. ಸುತ್ತಲಿಂದ ಫೋಟೋ ತೆಗೆದು ಅದರಿಂದ ಮಾಡೆಲ್ ಕಟ್ಟುವ ಫೋಟೋಗ್ರಾಮೆಟ್ರಿಗೆ ಈ ಮಿನುಗೇ ಕಾಟ. ಕ್ಯಾಮೆರಾ ಸರಿದಂತೆ ಹೊಳಪೂ ಸರಿಯುತ್ತದೆ, ಅದು ಗೊಂಬೆಯ ಮೇಲಿನ ಗುರುತೋ ಬರೀ ಬೆಳಕೋ ಅಂತ ಸಾಫ್ಟ್‌ವೇರಿಗೆ ತಿಳಿಯುವುದಿಲ್ಲ. ನೆರಳಲ್ಲಿ ತೆಗೆದ ಫೋಟೋ ವಾಸಿ, ಆದರೆ ಅದರಲ್ಲಿ ಕಿರೀಟ ಮಂಕು. ಹಾಗಾಗಿ ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರಿನಲ್ಲಿ ಕಿರೀಟದ ಭಾಗಕ್ಕೆ ಮಾತ್ರ ಮೆಟಾಲಿಕ್ (ಲೋಹದ ಗುಣ) 1, ಉಳಿದ ಮೈಗೆ 0 ಕೊಟ್ಟೆ. ಅದನ್ನು ಒಬ್ಬ ಹಿರಿಯ ಚಿತ್ರಗಾರರಿಗೆ ತೋರಿಸಿದೆ. ಫೋನನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. “ತಮ್ಮಾ, ಕಿರೀಟ ಬರೋಬ್ಬರಿ ಐತಿ. ಮೈ ಮಾತ್ರ ಪ್ಲಾಸ್ಟಿಕ್ ಕಂಡಂಗ ಕಾಣ್ತೈತಿ ನೋಡು” ಅಂದರು.

ಅವರ ಮಾತು ಸರಿ ಇತ್ತು. ಮೈಯೆಲ್ಲ ಒಂದೇ ರಫ್‌ನೆಸ್ (ಒರಟುತನದ ಪ್ರಮಾಣ) ಇದ್ದರೆ ಕಣ್ಣು ಅದನ್ನು ಅಚ್ಚಿನಲ್ಲಿ ಹೊಯ್ದ ವಸ್ತು ಅಂದುಕೊಳ್ಳುತ್ತದೆ. ಕುಂಚ ಓಡಿದ ಕಡೆ ಸ್ವಲ್ಪ ನುಣುಪು, ಅಂಚಿನಲ್ಲಿ ಸ್ವಲ್ಪ ಒರಟು, ಹೀಗೆ ಏರುಪೇರು ಇರುವ ರಫ್‌ನೆಸ್ ನಕ್ಷೆ ಹಾಕಿದ ಮೇಲೆ ಗೊಂಬೆಗೆ ಮರದ ಮೈ ಬಂತು.

ಇಲ್ಲಿ ಗೆದ್ದಿದ್ದು ಯುನಿಟಿ. ಎಆರ್‌ಕೋರ್ ಕೋಣೆಯ ಬೆಳಕನ್ನು ಅಂದಾಜು ಮಾಡಿ ಕೊಡುತ್ತದೆ, ಯುನಿಟಿ ಅದನ್ನು ಹಿಡಿದು ಗರುಡನ ಕಿರೀಟದಲ್ಲಿ ನಿಮ್ಮ ಮನೆಯ ಕಿಟಕಿಯ ಬೆಳಕು ಬಿದ್ದಂತೆ ಮಾಡುತ್ತದೆ. ನೋಡಿದರೆ ಖುಷಿಯಾಗುತ್ತದೆ. ಮಾಡೆಲ್-ವ್ಯೂವರ್ ಎಲ್ಲ ಕೋಣೆಗೂ ಮೊದಲೇ ಹೊಂದಿಸಿಟ್ಟ ಬೆಳಕನ್ನೇ ಹಾಕುತ್ತದೆ. ಆಂಡ್ರಾಯ್ಡಿನ ವೆಬ್‌ಎಕ್ಸ್‌ಆರ್‌ನಲ್ಲಿ (ಬ್ರೌಸರಿನೊಳಗೇ ಎಆರ್ ನಡೆಸುವ ವ್ಯವಸ್ಥೆ) ಕೋಣೆಯ ಬೆಳಕು ಹಿಡಿಯುವ ಆಯ್ಕೆಯೂ ಅದರಲ್ಲಿದೆ, ಆದರೆ ಅದು ಫೋನಿಗೆ ಭಾರ. ಅಗ್ಗದ ಫೋನುಗಳೇ ಜಾಸ್ತಿ ಇರುವಾಗ ಅದನ್ನು ಬಂದ್ ಇಡುವುದೇ ಸರಿ ಅನ್ನಿಸಿತು.

ಹಾಗಾದರೆ ಬ್ರೌಸರ್ ಯಾಕೆ? ಗಿರಾಕಿ ವಾಟ್ಸಾಪ್‌ನಲ್ಲಿ ಬಂದ ಲಿಂಕ್ ಒತ್ತುತ್ತಾನೆ, ಗೊಂಬೆ ಬರುತ್ತದೆ. ಒಂದೇ ಒಂದು ಗೊಂಬೆ ನೋಡಲು ಹತ್ತಾರು ಎಂಬಿಯ ಆಪ್ ಇಳಿಸಿಕೊಳ್ಳಿ ಅಂದರೆ ಯಾರು ಇಳಿಸಿಕೊಳ್ಳುತ್ತಾರೆ? ಫೋನಿಗೆ ಎಆರ್ ಬರದಿದ್ದರೂ ಪುಟ ಖಾಲಿ ಉಳಿಯುವುದಿಲ್ಲ, ಬೆರಳಿಂದ ತಿರುಗಿಸಿ ಗೊಂಬೆಯ ಬೆನ್ನು, ರೆಕ್ಕೆ ಎಲ್ಲ ನೋಡಬಹುದು. ಐಫೋನಿನ ಸಫಾರಿಯಲ್ಲಿ ವೆಬ್‌ಎಕ್ಸ್‌ಆರ್‌ನ ಎಆರ್ ಇಲ್ಲ. ಅಲ್ಲಿ ಪುಟದ ಎಆರ್ ಬಟನ್ ಆಪಲ್‌ನ ಎಆರ್ ವೀಕ್ಷಕ ಕ್ವಿಕ್ ಲುಕ್ ತೆರೆಯುತ್ತದೆ, ಅದಕ್ಕೆ ಉಳಿದೆಡೆ ಬಳಸುವ ಜಿಎಲ್‌ಬಿ ಎಂಬ 3ಡಿ ಫೈಲಿನ ಬದಲು ಯುಎಸ್‌ಡಿಝಡ್ ಮಾದರಿಯ ಫೈಲ್ ಬೇಕು. ಮಾಡೆಲ್-ವ್ಯೂವರ್ ತಾನೇ ಪರಿವರ್ತಿಸಿ ಕೊಡುತ್ತದೆ. ಆದರೂ ಲಜವಾರದ ಹೊಳಪು ಕಣ್ಣಾರೆ ನೋಡಿ ಒಪ್ಪಿಕೊಂಡ ಫೈಲನ್ನೇ ಬೇರೆಯಾಗಿ ಕೊಡುವುದು ನನ್ನ ಪದ್ಧತಿ.

ಅಳತೆಯ ವಿಷಯದಲ್ಲೂ ಬ್ರೌಸರ್ ದಾರಿ ನನಗೆ ಹಿಡಿಸಿತು. ಜಿಎಲ್‌ಬಿ ಫೈಲಿನ ಲೆಕ್ಕ ಮೀಟರಿನಲ್ಲಿ. ಗೊಂಬೆ 30 ಸೆಂಟಿಮೀಟರ್ ಇದ್ದರೆ ಫೈಲಿನಲ್ಲಿ 0.3. ಎರಡು ಬೆರಳಿಂದ ಗೊಂಬೆಯನ್ನು ಹಿಗ್ಗಿಸುವುದನ್ನು ಒಂದೇ ಸಾಲಿನಲ್ಲಿ ತಡೆಯಬಹುದು. ಕೊಳ್ಳುವವರಿಗೆ ಇದು ತೀರಾ ಮುಖ್ಯ. ಪರದೆಯಲ್ಲಿ ಮೊಣಕಾಲೆತ್ತರ ಕಂಡ ಗರುಡ ಪಾರ್ಸೆಲ್‌ನಲ್ಲಿ ಗೇಣುದ್ದ ಬಂದರೆ ನಂಬಿಕೆ ಹೋಗುತ್ತದೆ, ಕೆಟ್ಟ ಹೆಸರು ಚಿತ್ರಗಾರರಿಗೆ.

ಒಂದು ವಿಷಯದಲ್ಲಿ ಮೂರೂ ಒಂದೇ. ಬಿಳಿ ವಿಟ್ರಿಫೈಡ್ ಟೈಲ್ಸ್ ಮೇಲೆ ಮೂರೂ ತಡವರಿಸುತ್ತವೆ, ಹಿಡಿಯಲು ಗುರುತೇ ಇರುವುದಿಲ್ಲ. ಹಳೆಯ ಶಹಾಬಾದ್ ಪರ್ಸಿ ಮೇಲೆ ಪರವಾಗಿಲ್ಲ. ಒಂದು ಕೌದಿ ಹಾಸಿದರಂತೂ ನೆಲ ಕೂಡಲೇ ಸಿಗುತ್ತದೆ, ಬಣ್ಣಬಣ್ಣದ ತುಂಡುಗಳ ಅಂಚು, ಹೊಲಿಗೆ ಎಲ್ಲವೂ ಗುರುತೇ. ಅದಕ್ಕೇ ಪುಟದಲ್ಲಿ ‘ಚಿತ್ರ ಇರುವ ಬಟ್ಟೆ ಹಾಸಿ’ ಅಂತ ಬಟನ್ ಪಕ್ಕದಲ್ಲೇ ಬರೆದಿದ್ದೇನೆ.

ಯುನಿಟಿಯನ್ನು ಪೂರ್ತಿ ಬಿಟ್ಟಿಲ್ಲ. ಮೇಳಗಳಲ್ಲಿ ನಮ್ಮದೇ ಟ್ಯಾಬ್ಲೆಟ್ ಇಟ್ಟು ತೋರಿಸುವಾಗ ಅದೇ ಬೇಕು. ಅಲ್ಲಿ ಫೋನ್ ಯಾವುದೋ ಅನ್ನುವ ಚಿಂತೆ ಇಲ್ಲ, ಕಿರೀಟದ ಹೊಳಪು ಪೂರ್ತಿ ಕಾಣುತ್ತದೆ. ಬೇಸಿಗೆಯಲ್ಲಿ ಮಾತ್ರ ಟ್ಯಾಬ್ಲೆಟ್ ನೆರಳಿನಲ್ಲೇ ಇರಬೇಕು. ಕೊಪ್ಪಳದ ಏಪ್ರಿಲ್ ಬಿಸಿಲಿಗೆ ಕ್ಯಾಮೆರಾ, ಗ್ರಾಫಿಕ್ಸ್ ಎರಡರ ಕಾವೂ ಸೇರಿದರೆ ಅದು ತಾನಾಗಿಯೇ ನಿಧಾನವಾಗುತ್ತದೆ, ಗೊಂಬೆ ನಿಂತಲ್ಲೇ ನಡುಗಲು ಶುರು ಮಾಡುತ್ತದೆ.