ಕಾಡುಹಂದಿಗೆ ಗುಂಡು ಹಾರಿಸುವ ಅನುಮತಿ: ಪಂಚಾಯತ್ ಸೇವೆಯೊಂದರ ವಿಮರ್ಶೆ

ಎಣ್ಮಕಜೆಯಿಂದ ದೇಲಂಪಾಡಿಯವರೆಗಿನ ಕಾಸರಗೋಡಿನ ಗುಡ್ಡಗಾಡು ಭಾಗದಲ್ಲಿ ಅಡಿಕೆ ತೋಟ ಮಾಡಿಕೊಂಡಿರುವವರಿಗೆ ಕಾಡುಹಂದಿಯ ಕಾಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಸಿಯ ಬುಡ, ಬಾಳೆಯ ಗಡ್ಡೆ, ಮರಗೆಣಸು, ಸುವರ್ಣಗೆಡ್ಡೆ ಎಲ್ಲವನ್ನೂ ಒಂದೇ ರಾತ್ರಿಯಲ್ಲಿ ಉತ್ತು ಹಾಕಿ ಹೋಗುವ ಈ ಪ್ರಾಣಿಯನ್ನು ಕಾನೂನುಬದ್ಧವಾಗಿ ಕೊಲ್ಲಿಸುವುದಕ್ಕೆ ಗ್ರಾಮ ಪಂಚಾಯತ್ ಅನುಮತಿ ನೀಡುತ್ತದೆ. ಇದನ್ನು ನಾನು ಉಪಯೋಗಿಸಿ ನೋಡಿದ್ದೇನೆ. ನನ್ನ ಅಭಿಪ್ರಾಯ ಹೀಗಿದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 9ನೇ ಕಲಮಿನ ಪ್ರಕಾರ ಬೇಟೆ ನಿಷಿದ್ಧ. ಆದರೆ 11ನೇ ಕಲಮು, ಮನುಷ್ಯರ ಜೀವಕ್ಕೆ ಅಥವಾ ನಿಂತ ಬೆಳೆಯೂ ಸೇರಿದಂತೆ ಆಸ್ತಿಗೆ ಅಪಾಯವಾದಾಗ ಎರಡನೆಯ ಪರಿಶಿಷ್ಟದ (ಕಾಯಿದೆಯ ಕೊನೆಯಲ್ಲಿರುವ ಪಟ್ಟಿಗಳಲ್ಲಿ ಎರಡನೆಯದು) ಪ್ರಾಣಿಯನ್ನು ಲಿಖಿತ ಆದೇಶದ ಮೇಲೆ ಕೊಲ್ಲಲು ಅವಕಾಶ ಕೊಡುತ್ತದೆ. ಮೊದಲು ಮೂರನೆಯ ಪರಿಶಿಷ್ಟದಲ್ಲಿದ್ದ ಕಾಡುಹಂದಿ, 2022ರ ತಿದ್ದುಪಡಿಯ ನಂತರ ಈ ಎರಡನೆಯದಕ್ಕೆ ಬಂದಿದೆ. ಅದನ್ನು ಉಪದ್ರವಕಾರಿ ಪ್ರಾಣಿಯೆಂದು ಘೋಷಿಸಬೇಕೆಂಬ ಕೇರಳದ ಬೇಡಿಕೆಗೆ ಕೇಂದ್ರ ಸರಕಾರ ಒಪ್ಪಲಿಲ್ಲ. ಹಾಗಾಗಿ ರಾಜ್ಯ ಸರಕಾರವು 2022ರ ಮೇ ತಿಂಗಳಲ್ಲಿ ಬೇರೆ ದಾರಿ ಹಿಡಿದು, ಸ್ಥಳೀಯಾಡಳಿತ ಸಂಸ್ಥೆಗಳ ಅಧ್ಯಕ್ಷರನ್ನು, ಹಂದಿ ಕೊಲ್ಲುವ ಆದೇಶ ಕೊಡಬಲ್ಲ ಗೌರವ ವನ್ಯಜೀವಿ ವಾರ್ಡನ್‌ಗಳನ್ನಾಗಿ ನೇಮಿಸಿತು. ಅರಣ್ಯ ಕಚೇರಿಗೆ ಅಲೆಯುತ್ತಿದ್ದ ಕೃಷಿಕನಿಗೆ ಇದರಿಂದ ಆದ ಅನುಕೂಲ ಸಣ್ಣದಲ್ಲ. ವಾರ್ಡ್ ಸದಸ್ಯರ ಮೂಲಕ ದೂರು ಕೊಟ್ಟರೆ ಸಾಕು, ನಮ್ಮ ತೋಟವನ್ನು ಬಲ್ಲವರೇ ಅದನ್ನು ಓದಿ ತೀರ್ಮಾನಿಸುತ್ತಾರೆ.

ನಾನು ಅರ್ಜಿಯನ್ನು ಕನ್ನಡದಲ್ಲಿ ಬರೆದು ಭೂತೆರಿಗೆಯ ರಶೀದಿಯೊಂದಿಗೆ ಸಲ್ಲಿಸಿದೆ. ತಕರಾರಿಲ್ಲದೆ ಸ್ವೀಕರಿಸಿದರು, ಆದೇಶವೂ ಬೇಗನೆ ಕೈಸೇರಿತು. ಅದು ಬಂದದ್ದು ಮಾತ್ರ ಮಲಯಾಳದಲ್ಲಿ. ಕನ್ನಡ ಭಾಷಾ ಅಲ್ಪಸಂಖ್ಯಾತರಿಗೆ ಅವರ ಭಾಷೆಯಲ್ಲೇ ಉತ್ತರ ಸಿಗಬೇಕೆಂದು 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಹೇಳುತ್ತದಾದರೂ, ವಿಷ, ಸ್ಫೋಟಕ ಮತ್ತು ವಿದ್ಯುತ್ ಪ್ರವಾಹವನ್ನು ಬಳಸಬಾರದೆಂಬ ಅತಿ ಮುಖ್ಯವಾದ ನಿಬಂಧನೆಯನ್ನು ನಮ್ಮ ಮನೆಯ ಹಿರಿಯರಿಗೆ ಬೇರೊಬ್ಬರು ಓದಿ ಹೇಳಬೇಕಾಯಿತು. ತಂತಿಗೆ ಕರೆಂಟು ಕೊಟ್ಟು ಹಂದಿಯ ಬದಲು ಮನುಷ್ಯರೇ ಸಾಯುವ ಸುದ್ದಿಗಳನ್ನು ಓದುವ ಕಾಲದಲ್ಲಿ ಇಂಥದೊಂದು ನಿಬಂಧನೆ ಓದುವವನ ಭಾಷೆಯಲ್ಲೇ ಇರಬೇಕು.

ಸೇವೆ ಕುಂಟುವುದು ಇದರ ಮುಂದಿನ ಹಂತದಲ್ಲಿ. ಅನುಮತಿ ಪಂಚಾಯತಿನದ್ದು, ಗುಂಡು ಹಾರಿಸಬೇಕಾದವರು ಕೋವಿ ಪರವಾನಗಿ ಇದ್ದು ಪಟ್ಟಿಯಲ್ಲಿ ಹೆಸರಿರುವವರು. ಆ ಪಟ್ಟಿ ಚಿಕ್ಕದು, ಅದರಲ್ಲಿರುವವರಿಗೆ ವಯಸ್ಸಾಗಿದೆ. ಹೊಸಬರಿಗೆ ಆಯುಧ ಕಾಯಿದೆಯಡಿ ಪರವಾನಗಿ ಸಿಗಬೇಕಾದರೆ ಪೊಲೀಸ್ ವರದಿಯಿಂದ ಹಿಡಿದು ಕಲೆಕ್ಟರೇಟಿನವರೆಗೆ ಕಡತ ಸಾಗಬೇಕು. 2019ರ ತಿದ್ದುಪಡಿಯಿಂದ ಪರವಾನಗಿಯ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು ಎಂಬುದಷ್ಟೇ ಸಮಾಧಾನ. ಪಾಣತ್ತೂರಿನ ಆಚೆಯ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ 2029ರ ಅಕ್ಟೋಬರ್ 31ರವರೆಗೆ ವಿನಾಯಿತಿ ಇದೆ. ಅದು ಬೇರೆಯೇ ಇತಿಹಾಸ, ಅದನ್ನು ನಮಗೂ ಕೊಡಿ ಎಂದು ಕೇಳುವುದು ನ್ಯಾಯವಲ್ಲ. ಆದರೆ ಹಂದಿ ಕೊಲ್ಲುವ ಅಧಿಕಾರವನ್ನು ಊರಿಗೆ ತಂದ ಸರಕಾರ ಕೋವಿಯ ಕಡತವನ್ನು ಹಳೆಯ ವೇಗದಲ್ಲೇ ಬಿಟ್ಟಿರುವುದು ಸರಿಯಲ್ಲ.

ಚುನಾವಣೆಯ ಕಥೆ ಇನ್ನೊಂದು. 2024ರ ಲೋಕಸಭಾ ಚುನಾವಣೆಯ ನೀತಿಸಂಹಿತೆ ಮಾರ್ಚ್ 16ಕ್ಕೆ ಜಾರಿಯಾಗಿ ಜೂನ್ ಮೊದಲ ವಾರದವರೆಗೆ ಇತ್ತು. ತೋಟಕ್ಕೆ ನೀರು ಬಿಟ್ಟು ಮಣ್ಣು ಮೆತ್ತಗಾಗಿ, ಸುತ್ತಲಿನ ಗುಡ್ಡವೆಲ್ಲ ಒಣಗಿ, ಹಂದಿಗಳು ತೋಟಕ್ಕೇ ನುಗ್ಗುವ ಕಾಲ ಇದೇ. ಇಂಥ ಹೊತ್ತಿನಲ್ಲಿ ಕೋವಿಗಳನ್ನು ಠಾಣೆಯಲ್ಲಿ ಒಪ್ಪಿಸಬೇಕಾಗಿ ಬಂದರೆ ಪಂಚಾಯತಿನ ಆದೇಶ ಗೋಡೆಗೆ ಅಂಟಿಸಲಷ್ಟೇ ಸರಿ.

ನಮ್ಮಲ್ಲಿಗೆ ಬಂದ ಕೋವಿಯವರ ಕೆಲಸದ ಬಗ್ಗೆ ಒಂದು ದೂರೂ ಇಲ್ಲ. ಕತ್ತಲಾಗುವ ಮುನ್ನವೇ ಬಂದು, ಹಂದಿ ನುಗ್ಗುವ ಜಾಗ, ಕಣಿಯ ಆಳ, ನೆರೆಮನೆಯ ದಿಕ್ಕು ಎಲ್ಲವನ್ನೂ ನಡೆದು ನೋಡಿದರು. ರಾತ್ರಿ ಮೊದಲು ಬಂದ ದೊಡ್ಡ ಹಂದಿ ಟಾರ್ಚಿನ ಬೆಳಕಿಗೆ ಸರಿಯಾಗಿಯೇ ನಿಂತಿತ್ತು. ಅದರ ಹಿಂದೆ ರಬ್ಬರ್ ಟ್ಯಾಪಿಂಗ್‌ನವರ ಶೆಡ್ಡಿನ ದೀಪ ಕಂಡದ್ದರಿಂದ ಅವರು ಕೋವಿಯನ್ನು ಎತ್ತಲೇ ಇಲ್ಲ. "ಹಂದಿ ನಾಳೆಯೂ ಬರ್ತದೆ ಭಾವ" ಎಂದಷ್ಟೇ ಹೇಳಿದರು. ಬಹಳ ಹೊತ್ತಿನ ಮೇಲೆ ಹಲಸಿನ ಮರದ ಬುಡಕ್ಕೆ ಬಂದ ಇನ್ನೊಂದು, ಗುಡ್ಡದ ಮಣ್ಣಿಗೆ ಬೆನ್ನಾಗಿ ನಿಂತಾಗ ಒಂದೇ ಗುಂಡು ಹಾರಿತು.

ನನಗೆ ಬೇಸರ ತಂದದ್ದು ಆಮೇಲಿನ ಕೆಲಸ. ಕೊಂದ ಹಂದಿ ಕಾನೂನಿನ ಪ್ರಕಾರ ಸರಕಾರದ ಸೊತ್ತು. ಮಾಂಸ ಮಾಡುವಂತಿಲ್ಲ, ಹೂಳಬೇಕು. ಅದನ್ನು ನಡೆಸಿಕೊಡಬೇಕಾದದ್ದು ಪಂಚಾಯತ್. ಫೋನು ಮಾಡಿದರೆ ಬೆಳಗ್ಗೆ ಜನ ಕಳಿಸುತ್ತೇವೆ ಎಂದವರು ಮಧ್ಯಾಹ್ನವಾದರೂ ಕಳಿಸಲಿಲ್ಲ. ಕೊನೆಗೆ ನಾವೇ ಮುರಕಲ್ಲಿನ ನೆಲದಲ್ಲಿ ಪಿಕ್ಕಾಸಿನಿಂದ ಗುಂಡಿ ತೋಡಿ, ಸೀಮೆಎಣ್ಣೆ ಸುರಿದು ಮುಚ್ಚಿದೆವು. ರಿಜಿಸ್ಟರಿಗೆ ಬೇಕಾದ ಚಿತ್ರ ತೆಗೆಯಲು ಮಾತ್ರ ಸಿಬ್ಬಂದಿ ತಪ್ಪದೆ ಬಂದರು. ಮುರಕಲ್ಲು ಅಗೆದವರಿಗೆ ಗೊತ್ತು ಆ ಕೂಲಿಯ ಬೆಲೆ.

ಈ ಅಧಿಕಾರ ಕಾಡುಹಂದಿಗೆ ಮಾತ್ರ. ಮುಳಿಯಾರು, ಕಾರಡ್ಕ ಕಡೆ ಚಿರತೆ ಕಾಣಿಸಿಕೊಂಡಾಗ ಪಂಚಾಯತಿಗೇ ಅರ್ಜಿ ಹಾಕಿದರಾಯಿತು ಎನ್ನುವವರಿದ್ದಾರೆ. ಚಿರತೆಯೂ ಕರಡಿಯೂ ಮೊದಲನೆಯ ಪರಿಶಿಷ್ಟದ ಪ್ರಾಣಿಗಳು. ಅವುಗಳ ವಿಷಯದಲ್ಲಿ ಆದೇಶ ಕೊಡಬಹುದಾದವರು ರಾಜ್ಯದ ಮುಖ್ಯ ವನ್ಯಜೀವಿ ವಾರ್ಡನ್. ಅದೂ ಬೆಳೆಹಾನಿಗಲ್ಲ, ಮನುಷ್ಯರ ಜೀವಕ್ಕೆ ಅಪಾಯವಾದಾಗ ಅಥವಾ ಪ್ರಾಣಿ ಗುಣವಾಗದಷ್ಟು ರೋಗಗ್ರಸ್ತವೋ ಅಂಗಹೀನವೋ ಆದಾಗ. ಹಿಡಿಯುವುದಾಗಲಿ, ಅರಿವಳಿಕೆ ಕೊಡುವುದಾಗಲಿ, ಬೇರೆಡೆಗೆ ಸಾಗಿಸುವುದಾಗಲಿ ಸಾಧ್ಯವಿಲ್ಲವೆಂದು ಮನದಟ್ಟಾದ ಮೇಲೆ.

ಅನುಮತಿಯ ಕ್ರಮಕ್ಕೆ ಐದರಲ್ಲಿ ನಾಲ್ಕು ಅಂಕ, ಕೋವಿಯ ಲಭ್ಯತೆಗೆ ಎರಡು, ಹೂಳುವ ವ್ಯವಸ್ಥೆಗೆ ಒಂದು ಕೊಡುತ್ತೇನೆ. ಅರ್ಜಿ ಹಾಕುವವರು ಬೇಸಗೆಯ ನೀರು ಶುರುವಾಗುವ ಮೊದಲೇ, ಚುನಾವಣೆಯ ವರ್ಷವಾದರೆ ನೀತಿಸಂಹಿತೆ ಜಾರಿಯಾಗುವ ಮೊದಲೇ ಹಾಕಿ. ಪಟ್ಟಿಯಲ್ಲಿರುವ ಕೋವಿಯವರ ಪರವಾನಗಿಯ ಅವಧಿ ಮುಗಿದಿಲ್ಲವೆಂದು ಕಚೇರಿಯಲ್ಲೇ ಕೇಳಿ ಖಚಿತಪಡಿಸಿಕೊಳ್ಳಿ.