ಸೀಗಡಿ ಮರಿ ತರಿಸುವವರೇ, ಆ ‘ನೆಗೆಟಿವ್’ ರಿಪೋರ್ಟ್ ಪೂರ್ತಿ ಓದಿ

ಚಿಂತಾಮಣಿ, ಶಿಡ್ಲಘಟ್ಟ ಕಡೆ ಕೃಷಿ ಹೊಂಡದಲ್ಲಿ ಸಿಹಿನೀರಿನ ಸೀಗಡಿ ಸಾಕುವವರು ದಯವಿಟ್ಟು ಇದನ್ನು ಓದಿ. ನನ್ನ ಮರಿಗಳೆಲ್ಲ ಹೋದವು. ಎಲ್ಲವೂ! ಮೊದಲು ಬಾಲದ ಮಾಂಸ ಹಾಲಿನ ಹಾಗೆ ಬೆಳ್ಳಗಾಯಿತು. ಆಮೇಲೆ ಮೇವು ಮುಟ್ಟಲಿಲ್ಲ. ವಾರದೊಳಗೆ ದಡದ ತುಂಬ ಸತ್ತ ಮರಿ.

ಆಂಧ್ರದ ಕರಾವಳಿಯಿಂದ ಮರಿ ತಂದುಕೊಡುವ ಏಜೆಂಟ್‌ಗೆ ಫೋನ್ ಮಾಡಿದೆ. “ನಿಮ್ಮ ಬೋರ್ ನೀರು ಸರಿ ಇಲ್ಲ ಅಣ್ಣ” ಅಂದ. ಪಕ್ಕದ ಹೊಂಡಕ್ಕೂ ಅದೇ ನೀರು, ಅಲ್ಲಿ ಹಿಂದಿನ ಬ್ಯಾಚಿನ ದೊಡ್ಡ ಸೀಗಡಿ ಚೆನ್ನಾಗಿವೆಯಲ್ಲ ಅಂದೆ. ತಕ್ಷಣ ಪ್ಲೇಟ್ ತಿರುಗಿಸಿದ. “ನೋಡಿದ್ರಾ? ರೋಗ ಆಗಿದ್ರೆ ದೊಡ್ಡವೂ ಸಾಯ್ಬೇಕಿತ್ತಲ್ಲ!” ನನಗೆ ಬಾಯಿ ಕಟ್ಟಿತು. ಜೊತೆಗೆ ಯಾವುದೋ ಪುಡಿ ಹಾಕಿ ಅಂತ ಬೇರೆ ಹೇಳಿದ.

ಸತ್ತ ಮರಿಯನ್ನು ಟೆಸ್ಟ್ ಮಾಡಿಸಿದಾಗ ಬಂದದ್ದು ಬಿಳಿ ಬಾಲ ರೋಗ. ನೋಡಾವೈರಸ್. ಇದು ಲಾರ್ವಾ, ಮರಿ, ಎಳೆಯ ಸೀಗಡಿಯನ್ನು ಗುಡಿಸಿ ಹಾಕುತ್ತದೆ. ಬೆಳೆದವು ಸಾಯುವುದಿಲ್ಲ, ಸುಮ್ನೆ ವೈರಸ್ ಹೊತ್ತು ತಿರುಗುತ್ತವೆ. ತಾಯಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ. ಔಷಧಿ ಅಂತ ಒಂದೂ ಇಲ್ಲ. ಆ ಪುಡಿ? ಅದಕ್ಕೂ ದುಡ್ಡು ತಗೊಂಡ. ಮರಿ ಮಾಡಿಸುವ ಹ್ಯಾಚರಿಯ ತಾಯಿ ಸೀಗಡಿ ನೆಗೆಯುವ ವಿಡಿಯೋ ಕಳಿಸಿ “ಟಾಪ್ ಕ್ವಾಲಿಟಿ” ಅಂದಿದ್ದ. ತಾಯಿ ನೆಗೆದರೆ ಮರಿ ಚೆನ್ನಾಗಿದೆ ಅಂತ ಅಲ್ಲ ಸ್ವಾಮಿ!

ಹೊಟ್ಟೆ ಉರಿಯುವುದು ಮರಿ ಜೊತೆ ಅವನು ಕೊಟ್ಟಿದ್ದ ರಿಪೋರ್ಟ್ ನೆನಸಿಕೊಂಡರೆ. ಪಿಸಿಆರ್, ನೆಗೆಟಿವ್, ಸೀಲು, ಸಹಿ ಎಲ್ಲ ಇತ್ತು. ಮತ್ತೆ ತೆಗೆದು ಓದಿದೆ. ಟೆಸ್ಟ್ ಮಾಡಿದ್ದು ಬಿಳಿ ಚುಕ್ಕೆ ರೋಗಕ್ಕೆ! ಅದು ವನಾಮಿ, ಟೈಗರ್ ಅನ್ನುವ ಉಪ್ಪುನೀರಿನ ಸೀಗಡಿಯನ್ನು ಕೊಲ್ಲುವ ಬೇರೆಯೇ ವೈರಸ್. ಸಿಹಿನೀರಿನ ಸೀಗಡಿ ಅದನ್ನು ಬಹುಮಟ್ಟಿಗೆ ತಡೆದುಕೊಳ್ಳುತ್ತದೆ. ಅಂದರೆ ನನ್ನ ಮರಿಯನ್ನು ಕೊಂದ ರೋಗವನ್ನು ನೋಡಿಯೇ ಇಲ್ಲ. ಇದನ್ನು ಕೇಳಿದರೆ, “ಎಲ್ರಿಗೂ ಅದೇ ರಿಪೋರ್ಟ್ ಕೊಡೋದು ಅಣ್ಣ, ಇಲ್ಲಿವರೆಗೂ ಯಾರೂ ಕೇಳಿಲ್ಲ” ಅಂತಾನೆ. ಎಷ್ಟು ಧೈರ್ಯ!

ರಿಪೋರ್ಟಿನಲ್ಲಿ ‘ಎಂಆರ್‌ಎನ್‌ವಿ’ ಅಂತ, ಅಂದರೆ ಬಿಳಿ ಬಾಲ ರೋಗದ ಆ ನೋಡಾವೈರಸ್ ಹೆಸರು, ಇದೆಯಾ ನೋಡಿ. ಅದಕ್ಕೆ ಆರ್‌ಟಿ-ಪಿಸಿಆರ್ ಬೇಕು. ನಿಮಗೆ ಕೊಡುವ ಮರಿಯದ್ದೇ ಆಗಿರಬೇಕು, ತಾರೀಖು ಹೊಸದಿರಬೇಕು. ದೊಡ್ಡ ಸೀಗಡಿ ಇರುವ ಹೊಂಡದ ಬಲೆ, ನೀರು ಮರಿ ಹೊಂಡಕ್ಕೆ ತರಬೇಡಿ.

ದುಡ್ಡು ವಾಪಸ್ ಕೇಳಿದರೆ “ಮುಂದಿನ ಬ್ಯಾಚಲ್ಲಿ ಅಡ್ಜಸ್ಟ್ ಮಾಡ್ತೀನಿ” ಅನ್ನುತ್ತಾನೆ. ಯಾವ ಹ್ಯಾಚರಿದು ಅಂತ ಕೇಳಿದೆ. ಅದೇ ಹ್ಯಾಚರಿಯದ್ದಂತೆ.