ಕಾಯಿಕೊರಕ ಸಾಕಲು ಕಡಲೆಹಿಟ್ಟಿನ ಆಹಾರವೋ, ಗೋಧಿಭ್ರೂಣ-ಕೇಸೀನ್ ಆಹಾರವೋ?

ಕಾಯಿಕೊರಕವನ್ನು, ಅಂದರೆ ಹೆಲಿಕೋವರ್ಪಾ ಆರ್ಮಿಜೆರಾ ಹುಳುವನ್ನು, ಪ್ರಯೋಗಾಲಯದಲ್ಲಿ ಸಾಕಲು ಈ ಎರಡೂ ಆಹಾರ ಒಗ್ಗುತ್ತವೆ. ಒಂದೇ ಗುಂಪಿನ ಮೊಟ್ಟೆಗಳಿಂದ ಶುರುಮಾಡಿ, 26 ಡಿಗ್ರಿ ಸೆಲ್ಸಿಯಸ್ ಶಾಖ, 65-70% ತೇವಾಂಶದಲ್ಲಿ ಅಕ್ಕಪಕ್ಕ ಬೆಳೆಸಿದರೆ ಮೊದಲ ಪೀಳಿಗೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣದೇ ಇರಬಹುದು. ಆದ್ದರಿಂದ ಕೋಶದ (ಹುಳು ಪತಂಗವಾಗುವ ಮುಂಚಿನ ಪ್ಯೂಪಾ ಹಂತ) ತೂಕವೊಂದನ್ನೇ ನೋಡಿ ತೀರ್ಮಾನಿಸಬಾರದು. ಮೂರನೇ ಪೀಳಿಗೆಯ ಪತಂಗಗಳ ರೆಕ್ಕೆ ನೆಟ್ಟಗಿವೆಯೇ, ಇಟ್ಟ ಮೊಟ್ಟೆಗಳಲ್ಲಿ ಎಷ್ಟು ಒಡೆದವು ಎಂಬುದೇ ನಿಜವಾದ ಅಳತೆ.

ಕಡಲೆಹಿಟ್ಟಿನದು ಹೀಗೆ: ನೀರು 750 ಮಿ.ಲೀ., ಹಿಟ್ಟು 100 ಗ್ರಾಂ, ಯೀಸ್ಟ್ 10 ಗ್ರಾಂ, ಅಗರ್ 13 ಗ್ರಾಂ, ಆಸ್ಕಾರ್ಬಿಕ್ ಆಮ್ಲ 3 ಗ್ರಾಂ, ಮೀಥೈಲ್ ಪ್ಯಾರಾಬೆನ್ 2 ಗ್ರಾಂ, ಸೋರ್ಬಿಕ್ ಆಮ್ಲ 1 ಗ್ರಾಂ (ಕೊನೆಯ ಎರಡು ಬೂಷ್ಟು ತಡೆಯಲು), ಜೊತೆಗೆ ವಿಟಮಿನ್ ಮಿಶ್ರಣ. ಅರ್ಧ ನೀರಿನಲ್ಲಿ ಹಿಟ್ಟು ಕದಡಿ ಚೆನ್ನಾಗಿ ಬೇಯಿಸಬೇಕು. ಕಡಲೆಯಲ್ಲಿರುವ ಟ್ರಿಪ್ಸಿನ್ ತಡೆಕಾರಕಗಳು ಹುಳುವಿನ ಜೀರ್ಣಶಕ್ತಿ ಕುಂದಿಸುತ್ತವೆ, ಬೇಯಿಸಿದರೆ ಅವುಗಳ ಕಾಟ ಬಹುಮಟ್ಟಿಗೆ ಇಳಿಯುತ್ತದೆ. ಹಾಗೆಂದು ಆಟೋಕ್ಲೇವಿನಲ್ಲಿ (ಒತ್ತಡದ ಹಬೆಯ ಪಾತ್ರೆ) ಅತಿಯಾಗಿ ಕಾಯಿಸಿ ಕಂದು ಬಣ್ಣ ಬರಿಸಿದರೆ ಲೈಸೀನ್ ಎಂಬ ಅಮೈನೋ ಆಮ್ಲ ನಷ್ಟವಾಗುತ್ತದೆ. ಉಳಿದ ನೀರಿನಲ್ಲಿ ಅಗರ್ ಕುದಿಸಿ ಕರಗಿಸಿ ಸೇರಿಸಿ. ವಿಟಮಿನ್ ಮತ್ತು ಆಸ್ಕಾರ್ಬಿಕ್ ಆಮ್ಲ ಬೀಳಬೇಕಾದದ್ದು 60 ಡಿಗ್ರಿಗಿಂತ ಕೆಳಗೆ ಇಳಿದ ಮೇಲೆ, ಅಗರ್ ಹೆಪ್ಪುಗಟ್ಟುವ ಮೊದಲು.

ಗೋಧಿಭ್ರೂಣದ ಆಹಾರಕ್ಕೆ ಕೆಲಸ ಜಾಸ್ತಿ. ಸುಮಾರು 840 ಮಿ.ಲೀ. ನೀರಿಗೆ ಕೇಸೀನ್ (ಹಾಲಿನ ಪ್ರೋಟೀನ್) 35, ಸಕ್ಕರೆ 35, ಗೋಧಿಭ್ರೂಣ (ಗೋಧಿಕಾಳಿನ ಮೊಳಕೆಭಾಗ) 30, ವೆಸನ್ ಲವಣ (ಖನಿಜಗಳ ಮಿಶ್ರಣ) 10, ಅಗರ್ 25 ಗ್ರಾಂ. ಮೇಲೆ ಕೋಲೀನ್, ವಿಟಮಿನ್ ಮತ್ತು ಅವೇ ಶಿಲೀಂಧ್ರನಾಶಕಗಳು. ಕೇಸೀನ್ ನೀರಿನಲ್ಲಿ ತಾನಾಗಿ ಕರಗದು, 4 ಮೋಲಾರ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್ 5 ಮಿ.ಲೀ. ಬೇಕು. ಇಲ್ಲೇ ಒಂದು ಎಚ್ಚರ: ಸೋರ್ಬಿಕ್ ಆಮ್ಲ ಕೆಲಸ ಮಾಡುವುದು ಆಮ್ಲೀಯ ಆಹಾರದಲ್ಲಿ. ಕ್ಷಾರ ಹೆಚ್ಚಾಗಿ ಪಿಎಚ್ 6 ದಾಟಿದರೆ, ಎಷ್ಟು ಹಾಕಿದರೂ ಅದರ ಪ್ರಯೋಜನ ಬಹಳ ಕಡಿಮೆ. ಭ್ರೂಣವನ್ನು ಫ್ರೀಜರಿನಲ್ಲಿಡಿ. ಅದರ ಎಣ್ಣೆ ಕಮಟಾದರೆ ಲಿನೋಲೆನಿಕ್ ಆಮ್ಲ ಕೊರತೆಯಾಗಿ ಪತಂಗಗಳ ರೆಕ್ಕೆ ಸುರುಟಿಕೊಳ್ಳುತ್ತದೆ. ಹುಳು ದಷ್ಟಪುಷ್ಟವಾಗಿ ಬೆಳೆದು ಕೋಶವೂ ಆಗಿರುತ್ತದೆ, ದೋಷ ಕಾಣುವುದು ಪತಂಗ ಹೊರಬಂದಾಗಲೇ.

ಕಡಲೆಹಿಟ್ಟಿನ ದೌರ್ಬಲ್ಯವೆಂದರೆ ಒಂದು ಚೀಲದ ಗುಣ ಇನ್ನೊಂದಕ್ಕಿಲ್ಲ. ದಾಸ್ತಾನಿನಲ್ಲಿ ಕೀಟನಾಶಕ ತಗುಲಿದ ಹಿಟ್ಟು ಬಂದರೆ ಎಳೆಮರಿಗಳು ಮೇಯದೆ ಸಾಯುತ್ತವೆ. ಹೊಸ ಚೀಲ ಬಿಚ್ಚಿದಾಗಲೆಲ್ಲ ಮೊದಲು ಸ್ವಲ್ಪ ಆಹಾರ ಮಾಡಿ, ಆಗತಾನೇ ಹುಟ್ಟಿದ ಮರಿಗಳನ್ನು ಬಿಟ್ಟು ಒಂದು ವಾರ ನೋಡುವುದು ಕಡ್ಡಾಯ.

ವಿಷಪರೀಕ್ಷೆಗೆ, ಅಂದರೆ ಕೀಟನಾಶಕ ಹುಳುವಿನ ಮೇಲೆ ಎಷ್ಟು ಕೆಲಸ ಮಾಡುತ್ತದೆಂದು ಅಳೆಯಲು, ಮಾತ್ರ ಗೋಧಿಭ್ರೂಣದ್ದೇ ಸರಿ. ಅಗರ್ ಹೆಚ್ಚಿರುವುದರಿಂದ ಮೇಲ್ಮೈ ನುಣುಪಾಗಿ, ಬಿರುಕಿಲ್ಲದೆ ಕೂರುತ್ತದೆ. ಲೇಪಿಸಿದ ದ್ರಾವಣ ಸಮನಾಗಿ ಹರಡುತ್ತದೆ. ಕಡಲೆಯ ಆಹಾರ ಒಣಗಿ ಬಟ್ಟಲಿನ ಅಂಚು ಬಿಟ್ಟರೆ ಮರಿಗಳು ಕೆಳಗೆ ನುಸುಳಿ ವಿಷವಿಲ್ಲದ ಭಾಗ ಮೇಯುತ್ತವೆ, ಫಲಿತಾಂಶವೇ ಸುಳ್ಳಾಗುತ್ತದೆ. ಬಿಟಿ ಪ್ರೋಟೀನನ್ನು (ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಬ್ಯಾಕ್ಟೀರಿಯಾದ ಕೀಟವಿಷ) ಆಹಾರದೊಳಗೆ ಬೆರೆಸುವುದಾದರೆ 50 ಡಿಗ್ರಿ ಆಸುಪಾಸಿಗೆ ತಣಿಸಿಯೇ ಬೆರೆಸಬೇಕು. ಸೂಕ್ಷ್ಮಜೀವಿ ತಡೆಯಲು ಹಾಕುವ ಫಾರ್ಮಾಲಿನ್, ಸ್ಟ್ರೆಪ್ಟೋಮೈಸಿನ್ ಎರಡನ್ನೂ ಆ ಬಾರಿಯ ಆಹಾರದಿಂದ ಕೈಬಿಡಬೇಕು.

ಎರಡು ಆಹಾರಗಳಲ್ಲೂ ಮರಿಗಳು ಸಾಯಲು ಹಬೆಯೂ ಒಂದು ಕಾರಣ. ಬಿಸಿ ಆಹಾರ ಸುರಿದು ತಕ್ಷಣ ಮುಚ್ಚಿದರೆ ನೀರಹನಿ ಕಟ್ಟಿ ಎಳೆಮರಿ ಮುಳುಗುತ್ತದೆ. ಪೂರ್ತಿ ತಣಿದ ಮೇಲೆ ಮುಚ್ಚಿ. ಒಂದನ್ನೊಂದು ತಿನ್ನುವ ಹುಳುವಾದ್ದರಿಂದ ಮೂರನೇ ಹಂತದಿಂದ (ಎರಡು ಬಾರಿ ಪೊರೆ ಕಳಚಿದ ಮೇಲೆ) ಬಟ್ಟಲಿಗೊಂದೇ ಇರಲಿ.

ದಿನನಿತ್ಯದ ಸಾಕಣೆಗೆ ಕಡಲೆಹಿಟ್ಟೇ ಸಾಕು, ಕಡಿಮೆ ಖರ್ಚಿನಲ್ಲಿ ಮುಗಿಯುತ್ತದೆ. ಅದರಲ್ಲಿ ಬೆಳೆದ ಗುಂಪನ್ನು ವಿಷಪರೀಕ್ಷೆಗೆ ಬಳಸುವುದಾದರೆ, ಒಂದು ಪೀಳಿಗೆ ಪೂರ್ತಿ ಗೋಧಿಭ್ರೂಣದ ಆಹಾರದಲ್ಲಿ ಬೆಳೆಸಿ, ಆಮೇಲೆ ಮರಿಗಳನ್ನು ಆರಿಸಿಕೊಳ್ಳಿ.